ತಲೆನೋವಿಗೊಂದು ದಿನಚರಿ: ಗುಳಿಗೆಯ ಜೊತೆಗೆ ಪೆನ್ಸಿಲನ್ನೂ ಹಿಡಿಯೋಣ

ಮಡಿಕೇರಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಗಾಳಿಬೀಡು ಹೆಸರಿಗೆ ತಕ್ಕ ಊರು. ಮಳೆಗಾಲದಲ್ಲಿ ಗಾಳಿ, ಚಳಿಗಾಲದಲ್ಲಿ ಮಂಜು, ಸುತ್ತ ಕಾಫಿ ಮತ್ತು ಏಲಕ್ಕಿ ತೋಟಗಳು. ಇಂಥ ಊರಿನಲ್ಲಿ ಒಬ್ಬರು "ತಲೆ ಸಿಡಿಯುತ್ತಿದೆ" ಎಂದರೆ ಕಾರಣ ಹೇಳಲು ಹತ್ತು ಜನ ಸಿದ್ಧರಿರುತ್ತಾರೆ. ಗಾಳಿ ತಾಗಿದೆ ಎನ್ನುವವರು ಒಬ್ಬರು, ಪಿತ್ತ ಎನ್ನುವವರು ಇನ್ನೊಬ್ಬರು, ಸೈನಸ್ ಎನ್ನುವವರು ಮತ್ತೊಬ್ಬರು. ಕನ್ನಡಕ ಬದಲಿಸು ಎಂಬ ಸಲಹೆಯೂ ಬರುತ್ತದೆ. ಕೊನೆಗೆ ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗಿ ಕೆಲಸಕ್ಕೆ ಹೋಗುವುದೇ ರೂಢಿ. ಘಟ್ಟದ ಕೆಳಗಿನ ನಮ್ಮ ಕರಾವಳಿಯಲ್ಲಿಯೂ ಪರಿಸ್ಥಿತಿ ಬೇರೆಯಾಗಿಲ್ಲ. ಗಾಳಿಯ ಬದಲು ಬಿಸಿಲನ್ನೋ ಸೆಕೆಯನ್ನೋ ದೂರುತ್ತೇವೆ, ಅಷ್ಟೇ.

ಹೀಗೆ ವರ್ಷಗಟ್ಟಲೆ ಕಳೆದ ಮೇಲೆ ಒಂದು ದಿನ ವೈದ್ಯರ ಮುಂದೆ ಕೂರುತ್ತೇವೆ. "ತಿಂಗಳಿಗೆ ಎಷ್ಟು ದಿನ ಬರುತ್ತದೆ? ಎಷ್ಟು ಹೊತ್ತು ಇರುತ್ತದೆ? ಯಾವ ಗುಳಿಗೆ, ಎಷ್ಟು ಸಲ ತೆಗೆದುಕೊಳ್ಳುತ್ತೀರಿ?" ಎಂದು ಅವರು ಕೇಳುತ್ತಾರೆ. ನಮ್ಮ ಉತ್ತರ ಒಂದೇ: "ಯಾವಾಗಲೂ ಬರುತ್ತದೆ ಡಾಕ್ಟ್ರೇ." ಈ ಒಂದು ವಾಕ್ಯದಿಂದ ಯಾವ ವೈದ್ಯರಿಗೂ ರೋಗ ಗುರುತಿಸಲು ಸಾಧ್ಯವಿಲ್ಲ. ಆ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವ ಅಗ್ಗದ ಸಾಧನವೊಂದಿದೆ. ಅದೇ ತಲೆನೋವಿನ ದಿನಚರಿ. ಒಂದು ನೋಟ್ ಪುಸ್ತಕ ಮತ್ತು ಒಂದು ಪೆನ್ಸಿಲ್ ಇದ್ದರೆ ಸಾಕು.

ಸ್ಕ್ಯಾನ್‌ನಲ್ಲಿ ಕಾಣದ ಕಾಯಿಲೆ

ಮೈಗ್ರೇನ್, ಅಂದರೆ ನಾವು ಅರೆತಲೆನೋವು ಎಂದು ಕರೆಯುವ ಕಾಯಿಲೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್ ಮಾಡಿಸಿದರೂ ಅದರಲ್ಲಿ ಮೈಗ್ರೇನ್ ಕಾಣುವುದಿಲ್ಲ. ಬೇರೆ ಅಪಾಯಕಾರಿ ಕಾರಣವಿದೆಯೇ ಎಂದು ನೋಡಲು ಮಾತ್ರ ಸ್ಕ್ಯಾನ್ ಬೇಕಾಗುತ್ತದೆ. ಮೈಗ್ರೇನನ್ನು ಗುರುತಿಸುವುದು ರೋಗಿ ಹೇಳುವ ವಿವರದಿಂದ. ಆ ವಿವರವೇ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ನೋವಿನ ವಿಷಯದಲ್ಲಿ ನಮ್ಮ ನೆನಪು ನಂಬಲರ್ಹವಲ್ಲ. ಎಲ್ಲಕ್ಕಿಂತ ಜೋರಾಗಿ ಬಂದ ನೋವು ಮತ್ತು ಮೊನ್ನೆ ಬಂದ ನೋವು, ಇವೆರಡೇ ಮನಸ್ಸಿನಲ್ಲಿ ಉಳಿಯುತ್ತವೆ. ಸಣ್ಣ ನೋವಿನ ದಿನಗಳು ಮರೆತುಹೋಗುತ್ತವೆ. ನುಂಗಿದ ಗುಳಿಗೆಗಳ ಲೆಕ್ಕವಂತೂ ಯಾರಿಗೂ ನೆನಪಿರುವುದಿಲ್ಲ. ಬ್ರಿಟನ್ನಿನ ವೈದ್ಯಕೀಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ 2012ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ತಲೆನೋವನ್ನು ಗುರುತಿಸಲು ದಿನಚರಿ ಬಳಸುವುದಾದರೆ ಕನಿಷ್ಠ 8 ವಾರಗಳ ಕಾಲ ಬರೆಯಬೇಕೆಂದು ಹೇಳಿದೆ. ಯುರೋಪು ಮತ್ತು ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಸರಳ ದಿನಚರಿಯೊಂದನ್ನು ರೋಗಿಗಳ ಕೈಗೆ ಕೊಟ್ಟು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ರೋಗಿಗಳು ಅದನ್ನು ಸುಲಭವಾಗಿ ಒಪ್ಪಿಕೊಂಡರು, ವೈದ್ಯರಿಗೂ ಅದರಿಂದ ಉಪಯೋಗವಾಯಿತು.

ನಮ್ಮ ರಾಜ್ಯದ ಲೆಕ್ಕ

ತಲೆನೋವು ಪಟ್ಟಣದವರ ಕಾಯಿಲೆ ಎಂದು ಭಾವಿಸುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ಭಾಗದ ನಗರ ಮತ್ತು ಹಳ್ಳಿಗಳಲ್ಲಿ 18ರಿಂದ 65 ವರ್ಷದೊಳಗಿನ 2,329 ಜನರನ್ನು ಮನೆಮನೆಗೆ ಹೋಗಿ ಮಾತನಾಡಿಸಿದ್ದಾರೆ. ಒಂದು ವರ್ಷದ ಅವಧಿಯಲ್ಲಿ ಶೇಕಡಾ 63.9ರಷ್ಟು ಜನರಿಗೆ ತಲೆನೋವು ಬಂದಿತ್ತು. ಶೇಕಡಾ 25.2ರಷ್ಟು ಜನರಿಗೆ ಮೈಗ್ರೇನ್ ಇತ್ತು, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಶೇಕಡಾ 3ರಷ್ಟು ಜನ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿನಲ್ಲೇ ಕಳೆಯುತ್ತಿದ್ದರು. ತಲೆನೋವಿನ ಪ್ರಮಾಣ ನಗರಕ್ಕಿಂತ ಹಳ್ಳಿಯಲ್ಲೇ ಹೆಚ್ಚಾಗಿತ್ತು. ಭಾನುವಾರದ ಬಲಿಪೂಜೆಗೆ ಸೇರುವ ಜನರನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಈ ಸಂಖ್ಯೆಯ ಅರ್ಥ ತಿಳಿಯುತ್ತದೆ. ಪ್ರತಿ ಬೆಂಚಿನಲ್ಲೂ ಒಬ್ಬರಾದರೂ ಇದ್ದಾರು.

ತಲೆನೋವಿನಿಂದ ಯಾರೂ ಸಾಯುವುದಿಲ್ಲ ಎಂದು ಹಗುರವಾಗಿ ಮಾತನಾಡುತ್ತೇವೆ. ಆದರೆ ತೋಟದ ದಿನಗೂಲಿ ಕೆಲಸದವರಿಗೆ ತಿಂಗಳಿಗೆ ನಾಲ್ಕು ದಿನ ಮಲಗಿದರೆ ನಾಲ್ಕು ದಿನದ ಕೂಲಿ ಹೋಯಿತು. ಹಾಸ್ಟೆಲಿನ ಮಗುವಿಗೆ ಪರೀಕ್ಷೆ ತಪ್ಪಿತು. ಮನೆಯ ಸೊಸೆಗೆ "ಕೆಲಸ ತಪ್ಪಿಸಲು ನೆಪ" ಎಂಬ ಮಾತು ಕೇಳಬೇಕಾಯಿತು. 2016ರ ಜಾಗತಿಕ ರೋಗಭಾರ ಅಧ್ಯಯನವು ಮನುಷ್ಯರ ಆರೋಗ್ಯವಂತ ದಿನಗಳನ್ನು ಕಸಿಯುವ ಕಾಯಿಲೆಗಳಲ್ಲಿ ಮೈಗ್ರೇನಿಗೆ ಎರಡನೆಯ ಸ್ಥಾನ ಕೊಟ್ಟಿತು. ಕಣ್ಣಿಗೆ ಕಾಣದ ನೋವಿಗೆ ಸಾಕ್ಷಿ ಬೇಕು. ದಿನಚರಿ ಆ ಸಾಕ್ಷಿಯಾಗುತ್ತದೆ.

ಏನನ್ನು ಬರೆಯಬೇಕು?

ಉದ್ದ ಬರೆಯುವುದು ಬೇಡ. ನೋವು ಬಂದ ದಿನ ಎರಡು ಮೂರು ನಿಮಿಷ ಸಾಕು. ಈ ಕೆಳಗಿನ ವಿಷಯಗಳಿರಲಿ.

1. ದಿನಾಂಕ, ನೋವು ಶುರುವಾದ ಮತ್ತು ಮುಗಿದ ಹೊತ್ತು. ನೋವಿನಲ್ಲೇ ನಿದ್ದೆ ಹೋಗಿ, ಎದ್ದಾಗ ನೋವು ಇಲ್ಲದಿದ್ದರೆ ಎದ್ದ ಹೊತ್ತನ್ನು ಮುಗಿದ ಹೊತ್ತೆಂದು ಬರೆಯಿರಿ.

2. ಎಲ್ಲಿ? ಒಂದು ಪಕ್ಕವೇ, ಎರಡೂ ಪಕ್ಕವೇ, ಕಣ್ಣಿನ ಹಿಂದೆಯೇ, ಕುತ್ತಿಗೆಯೇ?

3. ಹೇಗೆ? ನಾಡಿ ಬಡಿದಂತೆಯೇ, ಪಟ್ಟಿ ಕಟ್ಟಿ ಬಿಗಿದಂತೆಯೇ, ಚುಚ್ಚಿದಂತೆಯೇ?

4. ಎಷ್ಟು ಜೋರು? ಕೆಲಸ ಮಾಡಬಹುದಾದರೆ 1, ಕಷ್ಟಪಟ್ಟು ಮಾಡಿದರೆ 2, ಮಲಗಲೇಬೇಕಾದರೆ 3. ನಡೆದರೆ, ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದೆಯೇ ಎಂಬುದನ್ನೂ ಸೇರಿಸಿ.

5. ಜೊತೆಗೆ ಏನಿತ್ತು? ವಾಕರಿಕೆ, ವಾಂತಿ, ಬೆಳಕು ಬೇಡವೆನಿಸುವುದು, ಸದ್ದು ಬೇಡವೆನಿಸುವುದು, ಕಣ್ಣಲ್ಲಿ ನೀರು. ನೋವಿಗೆ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆ ಕಂಡಿತೇ?

6. ಯಾವ ಗುಳಿಗೆ, ಎಷ್ಟು, ಎಷ್ಟು ಗಂಟೆಗೆ? ಎರಡು ಗಂಟೆಯ ನಂತರ ಹೇಗಿತ್ತು? ಅಂಗಡಿಯಿಂದ ತಂದದ್ದನ್ನೂ ಬಿಡದೆ ಬರೆಯಿರಿ.

7. ಹಿಂದಿನ ದಿನದ ನಿದ್ದೆ, ಊಟ, ಬಿಸಿಲು, ಪ್ರಯಾಣ, ಮದ್ಯ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತಿಸಲಿ.

ನೋವಿಲ್ಲದ ದಿನಕ್ಕೂ ಒಂದು ಗುರುತು ಹಾಕಬೇಕು. ಖಾಲಿ ಬಿಟ್ಟರೆ ನೋವಿರಲಿಲ್ಲವೋ, ಬರೆಯಲು ಮರೆತದ್ದೋ ಎಂದು ತಿಳಿಯುವುದಿಲ್ಲ. ಬರೆಯಲು ಬಾರದವರು ಗೋಡೆಯ ಕ್ಯಾಲೆಂಡರನ್ನೇ ಬಳಸಬಹುದು: ನೋವಿನ ದಿನಕ್ಕೆ ಒಂದರಿಂದ ಮೂರು ಗೆರೆ, ಪ್ರತಿ ಗುಳಿಗೆಗೆ ಒಂದು ಚುಕ್ಕೆ, ವಾಂತಿಗೆ ಒಂದು ಅಡ್ಡಗೆರೆ, ನೋವಿಲ್ಲದ ದಿನಕ್ಕೆ ಒಂದು ಸೊನ್ನೆ. ಮೊಬೈಲಿನಲ್ಲಿ ಬರೆಯಲು ಅಡ್ಡಿಯಿಲ್ಲ. ಆದರೆ ಮಳೆಗಾಲದಲ್ಲಿ ಕರೆಂಟು ಹೋಗುವ ಊರುಗಳಲ್ಲಿ ಕಾಗದವೇ ಲೇಸು. ಜೊತೆಗೆ, ನೋವು ಬಂದಾಗ ಮೊಬೈಲಿನ ಬೆಳಕನ್ನು ನೋಡಲು ಎಷ್ಟೋ ಜನರಿಗೆ ಆಗುವುದಿಲ್ಲ.

ಒಂದು ಮಾದರಿ ಪುಟ

ಅರ್ಥವಾಗಲೆಂದು ನಾವೇ ಒಂದು ಪುಟವನ್ನು ಕಲ್ಪಿಸಿ ಬರೆದಿದ್ದೇವೆ. ಗಾಳಿಬೀಡಿನ ತೋಟವೊಂದರಲ್ಲಿ ಕೆಲಸ ಮಾಡುವ ಮಹಿಳೆ ಬರೆದದ್ದೆಂದು ಇಟ್ಟುಕೊಳ್ಳೋಣ.

ಸೋಮವಾರ: ನೋವಿಲ್ಲ. ಸಂಜೆ ಆಕಳಿಕೆ ಜಾಸ್ತಿ, ಕುತ್ತಿಗೆ ಬಿಗಿ, ಸಿಹಿ ತಿನ್ನುವ ಆಸೆ.

ಮಂಗಳವಾರ: ಬೆಳಿಗ್ಗೆ 9ಕ್ಕೆ ಶುರು. ಎಡ ಹಣೆ, ಬಡಿದಂತೆ. 11ಕ್ಕೆ ಜೋರು 3. ವಾಕರಿಕೆ, ಬೆಳಕು ಬೇಡ. ಕೆಲಸ ಬಿಟ್ಟು ಬಂದೆ. ಮಧ್ಯಾಹ್ನ 1ಕ್ಕೆ ಒಂದು ಗುಳಿಗೆ, 3ಕ್ಕೂ ಕಡಿಮೆಯಿಲ್ಲ. ಮಲಗಿ ಬೆಳಿಗ್ಗೆ 5ಕ್ಕೆ ಎದ್ದಾಗ ಇಲ್ಲ. ತಿಂಡಿ ತಿಂದಿರಲಿಲ್ಲ. ಮುಟ್ಟಿನ ಮೊದಲ ದಿನ.

ಬುಧವಾರ: ನೋವಿಲ್ಲ, ಸುಸ್ತು.

ಗುರುವಾರ: ನೋವಿಲ್ಲ.

ಶುಕ್ರವಾರ: ಸಂಜೆ 5ರಿಂದ 7. ಎರಡೂ ಪಕ್ಕ, ಬಿಗಿದಂತೆ. ಜೋರು 1. ಅಡಿಗೆ ಮಾಡಿದೆ. ಗುಳಿಗೆ ಇಲ್ಲ.

ಇಷ್ಟರಲ್ಲೇ ಎಷ್ಟು ವಿಷಯ ಸಿಕ್ಕಿತು ನೋಡಿ. ಮಂಗಳವಾರದ ನೋವು 20 ಗಂಟೆ ಇತ್ತು, ಶುಕ್ರವಾರದ್ದು ಎರಡೇ ಗಂಟೆ. ಅವೆರಡೂ ಒಂದೇ ಜಾತಿಯ ನೋವುಗಳಲ್ಲ. ನೋವಿನ ಹಿಂದಿನ ಸಂಜೆಯೇ ದೇಹ ಮುನ್ಸೂಚನೆ ಕೊಟ್ಟಿತ್ತು. ಗುಳಿಗೆಯನ್ನು ನೋವು ಶುರುವಾಗಿ ನಾಲ್ಕು ಗಂಟೆಯ ನಂತರ ತೆಗೆದುಕೊಂಡದ್ದರಿಂದ ಅದು ಕೆಲಸ ಮಾಡದೆ ಇದ್ದಿರಬಹುದು. ಮೈಗ್ರೇನಿನ ಔಷಧಿ ಆರಂಭದಲ್ಲೇ ತೆಗೆದುಕೊಂಡರೆ ಹೆಚ್ಚು ಫಲ ಕೊಡುತ್ತದೆ. "ಗುಳಿಗೆ ಹಿಡಿಯುವುದಿಲ್ಲ" ಎಂಬ ದೂರಿನ ಹಿಂದೆ ಅನೇಕ ಸಲ ಈ ತಡವೇ ಇರುತ್ತದೆ.

ವೈದ್ಯರು ಅದನ್ನು ಓದುವ ಬಗೆ

ತಲೆನೋವಿನ ಅಂತರರಾಷ್ಟ್ರೀಯ ವರ್ಗೀಕರಣದ ಮೂರನೆಯ ಆವೃತ್ತಿ 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಾಮಾನ್ಯ ಮೈಗ್ರೇನ್ ಎನ್ನಲು ಕನಿಷ್ಠ 5 ಸಲ ಅಂಥ ನೋವು ಬಂದಿರಬೇಕು. ಔಷಧಿಯಿಲ್ಲದಿದ್ದರೆ, ಅಥವಾ ಔಷಧಿ ಫಲಿಸದಿದ್ದರೆ, ಅದು 4ರಿಂದ 72 ಗಂಟೆ ಇರುತ್ತದೆ. ಒಂದು ಪಕ್ಕ, ಬಡಿತ, ಮಧ್ಯಮ ಅಥವಾ ತೀವ್ರ ನೋವು, ನಡೆದರೆ ಹೆಚ್ಚಾಗುವುದು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಂತಿರಬೇಕು. ಮಕ್ಕಳಲ್ಲಿ ನೋವು ಎರಡು ಗಂಟೆಯಲ್ಲೇ ಮುಗಿಯಬಹುದು, ಎರಡೂ ಪಕ್ಕಗಳಲ್ಲಿ ಇರಬಹುದು. ಆದ್ದರಿಂದ "ಅರೆ" ತಲೆ ನೋಯದಿದ್ದರೂ ಅದು ಅರೆತಲೆನೋವಾಗಿರಲು ಸಾಧ್ಯ.

ಒತ್ತಡದ ತಲೆನೋವು ಅರ್ಧ ಗಂಟೆಯಿಂದ ಏಳು ದಿನದವರೆಗೆ ಇರಬಹುದು. ಎರಡೂ ಪಕ್ಕ ಬಿಗಿದಂತಿರುತ್ತದೆ, ವಾಂತಿಯಾಗುವುದಿಲ್ಲ, ನಡೆದಾಡಿದರೆ ಹೆಚ್ಚಾಗುವುದಿಲ್ಲ. ಕ್ಲಸ್ಟರ್ ತಲೆನೋವು ಅಪರೂಪದ್ದು, ಆದರೆ ಭೀಕರವಾದದ್ದು. ಒಂದೇ ಕಣ್ಣಿನ ಸುತ್ತ 15 ನಿಮಿಷದಿಂದ 3 ಗಂಟೆಯವರೆಗೆ ಅತಿಯಾದ ನೋವು, ಅದೇ ಕಣ್ಣಲ್ಲಿ ನೀರು, ಅದೇ ಕಡೆಯ ಮೂಗು ಕಟ್ಟುವುದು. ಮೈಗ್ರೇನಿನವರು ಕತ್ತಲಲ್ಲಿ ಅಲುಗಾಡದೆ ಮಲಗಿದರೆ, ಇವರು ಕುಳಿತಲ್ಲಿ ಕೂರಲಾರದೆ ಅತ್ತಿತ್ತ ಓಡಾಡುತ್ತಾರೆ.

ಇನ್ನು ಸೈನಸ್ ವಿಷಯ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಗೆ ಸೈನಸ್ ತಲೆನೋವಿದೆ ಎಂದು ನಂಬಿದ್ದ, ಅಥವಾ ವೈದ್ಯರಿಂದ ಹಾಗೆಂದು ಹೇಳಿಸಿಕೊಂಡಿದ್ದ 2,991 ಜನರನ್ನು ಪರೀಕ್ಷಿಸಿದಾಗ ಶೇಕಡಾ 88ರಷ್ಟು ಜನರಲ್ಲಿ ಮೈಗ್ರೇನ್ ಬಗೆಯ ತಲೆನೋವು ಕಂಡುಬಂತು. ಮೈಗ್ರೇನಿನಲ್ಲೂ ಮೂಗು ಸೋರಬಹುದು, ಮುಖ ಭಾರವಾಗಬಹುದು. ವಾಕರಿಕೆಯೂ ಬೆಳಕಿನ ಭಯವೂ ದಿನಚರಿಯಲ್ಲಿ ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ದಾರಿ ಸಿಗುತ್ತದೆ.

ಗುಳಿಗೆಯೇ ತಲೆನೋವಾದಾಗ

ದಿನಚರಿಯ ಅತಿ ಮುಖ್ಯವಾದ ಉಪಯೋಗ ಇದೆಂದು ನಮ್ಮ ಅಭಿಪ್ರಾಯ. ನೋವು ಶಮನಕ್ಕೆಂದು ಪದೇ ಪದೇ ನುಂಗುವ ಗುಳಿಗೆಯೇ ಕ್ರಮೇಣ ನೋವನ್ನು ಹೆಚ್ಚಿಸುತ್ತದೆ. ಪ್ಯಾರಾಸಿಟಮಾಲ್‌ನಂಥ ಒಂದೇ ಔಷಧಿಯ ಸಾದಾ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಬೆರೆಸಿದ ಗುಳಿಗೆ, ಎರ್ಗಾಟ್ ಅಥವಾ ಟ್ರಿಪ್ಟಾನ್ ಗುಳಿಗೆಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ಕಾಲ ಬಳಸಿದರೆ ಈ ಅಪಾಯವಿದೆ. ಇಲ್ಲಿ ಲೆಕ್ಕ ಗುಳಿಗೆಗಳದ್ದಲ್ಲ, ದಿನಗಳದ್ದು. ಕಾಫಿನ್ ಸೇರಿದ ತಲೆನೋವಿನ ಗುಳಿಗೆಗಳು ಬೆರಕೆ ಗುಳಿಗೆಗಳೇ ಎಂಬುದು ನೆನಪಿರಲಿ.

ಈ ಬಲೆಯಲ್ಲಿ ಸಿಕ್ಕವರಿಗೆ ತಾವು ಸಿಕ್ಕಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. "ಗುಳಿಗೆ ಇಲ್ಲದಿದ್ದರೆ ನೋವು ಬರುತ್ತದೆ" ಎಂದು ಇನ್ನೊಂದು ನುಂಗುತ್ತಾರೆ. ಕ್ಯಾಲೆಂಡರಿನ ಚುಕ್ಕೆಗಳನ್ನು ಎಣಿಸಿದ ದಿನ ಮಾತ್ರ ಸತ್ಯ ಕಣ್ಣಿಗೆ ಹೊಡೆಯುತ್ತದೆ. ಬೈದು ಫಲವಿಲ್ಲ. ನೋವು ತಾಳಲಾರದೆ ನುಂಗಿದವರು ಅವರು. ಬಿಡಿಸುವುದು ವೈದ್ಯರ ಸಲಹೆಯಿಂದಲೇ ಆಗಬೇಕು. ಬಿಟ್ಟ ಮೊದಲ ದಿನಗಳಲ್ಲಿ ನೋವು ಹೆಚ್ಚಾಗಬಹುದೆಂದು ಮನೆಯವರಿಗೂ ತಿಳಿದಿರಬೇಕು.

ಗಾಳಿಯ ಮೇಲಿನ ಅಪವಾದ

ಹಾಗಾದರೆ ಗಾಳಿಬೀಡಿನ ಗಾಳಿ ನಿರಪರಾಧಿಯೇ? ಹವೆಯ ಬದಲಾವಣೆಯಿಂದ ನೋವು ಬರುತ್ತದೆಂದು ಅನೇಕ ರೋಗಿಗಳು ಹೇಳುತ್ತಾರೆ. ಅಧ್ಯಯನಗಳ ಫಲಿತಾಂಶ ಮಾತ್ರ ಒಂದೇ ತೆರನಾಗಿಲ್ಲ. ನಿಮ್ಮ ಮಟ್ಟಿಗೆ ಸತ್ಯವೇನೆಂದು ನಿಮ್ಮ ಪುಸ್ತಕವೇ ಹೇಳಬೇಕು. ಗಾಳಿ ಬೀಸಿ ನೋವು ಬಂದ ದಿನಗಳನ್ನು ಮಾತ್ರವಲ್ಲ, ಗಾಳಿ ಬೀಸಿಯೂ ನೋವು ಬಾರದ ದಿನಗಳನ್ನೂ ಎಣಿಸಬೇಕು. ನೋವಿಲ್ಲದ ದಿನಗಳಿಗೂ ಗುರುತು ಹಾಕಿ ಎಂದದ್ದು ಇದಕ್ಕಾಗಿಯೇ.

ಇನ್ನೊಂದು ಎಚ್ಚರ. ಸಿಹಿ ತಿಂದದ್ದರಿಂದ ನೋವು ಬಂತು ಎಂದುಕೊಳ್ಳುತ್ತೇವೆ. ಆದರೆ ಮೈಗ್ರೇನ್ ಶುರುವಾಗುವ ಮುನ್ನ ಸಿಹಿಯ ಆಸೆ ಹುಟ್ಟುವುದೇ ಕಾಯಿಲೆಯ ಮೊದಲ ಹಂತವಾಗಿರಬಹುದು. ಸುಮ್ಮನೆ ಒಂದೊಂದೇ ಆಹಾರ ಬಿಡುತ್ತಾ ಹೋದರೆ ಊಟದ ಸಂತೋಷ ಹೋಗುತ್ತದೆಯೇ ಹೊರತು ನೋವು ಹೋಗುವುದಿಲ್ಲ.

ನಮ್ಮ ನಾಡಿಗೇ ವಿಶೇಷವಾದ ಕೆಲವು ಕಾರಣಗಳಿವೆ. ಮುಂಬೈಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುತ್ತಿದ್ದ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲಿ ಬರೆದಿದ್ದಾರೆ. ಅಜ್ಜಿಯರ ಮಾತಿನಲ್ಲಿ ಸತ್ಯಾಂಶವಿತ್ತು ಎಂದಾಯಿತು. ಆದರೆ ತಲೆಗೆ ಬಿಸಿನೀರು ಹೊಯ್ದಾಗ ಪ್ರಜ್ಞೆ ತಪ್ಪಿದರೆ ಅಥವಾ ಮೈ ಸೆಟೆದರೆ ಅದು ಮೈಗ್ರೇನ್ ಅಲ್ಲ. ಬಿಸಿನೀರಿನ ಮೂರ್ಛೆರೋಗವೆಂಬ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿದ್ದು, ನಿಮ್ಹಾನ್ಸ್ ವೈದ್ಯರು ಅದನ್ನು ಅಭ್ಯಾಸ ಮಾಡಿದ್ದಾರೆ. ಕೂಡಲೇ ವೈದ್ಯರಿಗೆ ತಿಳಿಸಬೇಕು.

ಕಾಫಿಯ ನಾಡಿನಲ್ಲಿ ಕಾಫಿಯನ್ನೂ ಬರೆದಿಡಬೇಕು. ದಿನವೂ ಮೂರು ನಾಲ್ಕು ಲೋಟ ಕುಡಿಯುವವರು ಒಂದು ದಿನ ಬಿಟ್ಟರೆ 24 ಗಂಟೆಯೊಳಗೆ ತಲೆನೋವು ಬರಬಹುದು. ಉಪವಾಸದ ದಿನದ ತಲೆನೋವು ಹಸಿವಿನಿಂದಲೋ, ಕಾಫಿ ಬಿಟ್ಟದ್ದರಿಂದಲೋ ಎಂಬುದು ದಿನಚರಿಯಿಂದ ತಿಳಿಯುತ್ತದೆ. ತಪಸ್ಸುಕಾಲದ ಉಪವಾಸದಿಂದ ಪ್ರತಿಸಲ ನೋವು ಬರುವವರು ಧರ್ಮಗುರುಗಳೊಂದಿಗೆ ಮಾತನಾಡಲಿ. ಕಾಯಿಲೆಯವರಿಗೆ ಧರ್ಮಸಭೆಯ ನಿಯಮದಲ್ಲಿ ವಿನಾಯಿತಿ ಇದೆ.

ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವ ಮನೆಗಳಲ್ಲಿ ಬೆಳಿಗ್ಗೆ ಎಲ್ಲರಿಗೂ ತಲೆನೋವು, ವಾಕರಿಕೆ ಇದ್ದು, ಹೊರಗೆ ಬಂದರೆ ಕಡಿಮೆಯಾದರೆ ಅದು ಕಾರ್ಬನ್ ಮೊನಾಕ್ಸೈಡ್ ವಿಷವಾಗಿರಬಹುದು. ಅದು ಪ್ರಾಣ ತೆಗೆಯುವ ವಿಷ. ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, ಮುಂದೆಂದೂ ಹಾಗೆ ಮಲಗಬೇಡಿ.

ದಿನಚರಿಗೆ ಕಾಯಬಾರದ ತಲೆನೋವುಗಳು

ಕೆಲವು ತಲೆನೋವುಗಳಲ್ಲಿ ಎಂಟು ವಾರ ಬರೆಯುತ್ತಾ ಕೂರುವುದು ಅಪಾಯ. ಈ ಕೆಳಗಿನವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

- ಸಿಡಿಲು ಬಡಿದಂತೆ ಒಂದೇ ಸಲಕ್ಕೆ ಬಂದ, ಜೀವನದಲ್ಲೇ ಕಂಡಿರದ ನೋವು.
- ಜ್ವರ, ಕುತ್ತಿಗೆ ಬಾಗಿಸಲಾಗದಿರುವುದು, ಮಂಕು ಅಥವಾ ಮೂರ್ಛೆ.
- ಕೈಕಾಲು ಸೋಲುವುದು, ಬಾಯಿ ಓರೆಯಾಗುವುದು, ಮಾತು ತೊದಲುವುದು, ದೃಷ್ಟಿ ಹೋಗುವುದು.
- ತಲೆಗೆ ಪೆಟ್ಟು ಬಿದ್ದ ನಂತರದ ನೋವು.
- 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ನೋವು.
- ಗರ್ಭಿಣಿಯರಲ್ಲಿ ಅಥವಾ ಬಾಣಂತಿಯರಲ್ಲಿ ಹೊಸದಾಗಿ ಬಂದ ನೋವು.
- ಕ್ಯಾನ್ಸರ್ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಇರುವವರಲ್ಲಿ ಹೊಸ ನೋವು.
- ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ, ಅಥವಾ ಕೆಮ್ಮಿದರೆ, ಬಾಗಿದರೆ ಸಿಡಿಯುವ ನೋವು.

ನಮ್ಮ ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು ಮತ್ತು ಮರೆವಿನ ಕಾಯಿಲೆಗಳನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಗುರುತಿಸುವಂತಾಗಬೇಕು ಎಂಬುದು ಅದರ ಉದ್ದೇಶ. ಹಾಗಾಗಿ ತಲೆನೋವೆಂದ ಕೂಡಲೇ ಬೆಂಗಳೂರಿಗೋ ಮಂಗಳೂರಿಗೋ ಓಡಬೇಕಾಗಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಿಂದ ಶುರು ಮಾಡಬಹುದು. ಗಾಳಿಬೀಡಿನ ಸುತ್ತಲಿನವರಿಗೆ ಹೆಚ್ಚಿನ ಪರೀಕ್ಷೆ ಬೇಕಾದರೆ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕೈಯಲ್ಲಿ ಎರಡು ತಿಂಗಳ ದಿನಚರಿ ಇದ್ದರೆ ಐದು ನಿಮಿಷದ ಭೇಟಿಯೂ ಸಾರ್ಥಕವಾಗುತ್ತದೆ.

ವಾರ್ಡಿನ ಗುರಿಕಾರರು, ಸ್ತ್ರೀ ಸಂಘಟನೆಯ ಸದಸ್ಯೆಯರು, ಧರ್ಮಭಗಿನಿಯರು ಒಂದು ಹಾಳೆಯಲ್ಲಿ ಮೇಲಿನ ಏಳು ಅಂಶಗಳನ್ನು ಬರೆದು ಪ್ರತಿ ಮಾಡಿ ಹಂಚಬಹುದು. ಓದು ಬಾರದವರ ಮನೆಯಲ್ಲಿ ಕ್ಯಾಲೆಂಡರ್ ಗುರುತು ಹಾಕುವುದನ್ನು ತೋರಿಸಿಕೊಡಬಹುದು. ಆದರೆ ಒಂದು ಮಾತು: ದಿನಚರಿ ಬರೆದವರ ಸ್ವಂತದ್ದು. ಅದರಲ್ಲಿ ಮುಟ್ಟಿನ ವಿಷಯ, ಮದ್ಯದ ವಿಷಯ, ಮನೆಯ ಜಗಳದ ವಿಷಯ ಇರಬಹುದು. ಸಭೆಯಲ್ಲಿ ಓದಿಸುವುದು, ಇನ್ನೊಬ್ಬರಿಗೆ ತೋರಿಸುವುದು ಸಲ್ಲದು. ರೋಗ ಯಾವುದೆಂದು ನಾವೇ ತೀರ್ಪು ಕೊಡುವುದೂ ಸಲ್ಲದು. ಅದು ವೈದ್ಯರ ಕೆಲಸ.

ಚಿಕಿತ್ಸೆ ಶುರುವಾದ ಮೇಲೆ ಪುಸ್ತಕ ಮುಚ್ಚಬೇಡಿ. ನೋವು ತಡೆಯುವ ಔಷಧಿಯ ಪರಿಣಾಮ ತಿಳಿಯಲು ಎರಡು ಮೂರು ತಿಂಗಳು ಬೇಕು. ತಿಂಗಳಿಗೆ 8 ದಿನವಿದ್ದ ನೋವು 4 ದಿನಕ್ಕೆ ಇಳಿದರೆ ಅದು ಒಳ್ಳೆಯ ಫಲಿತಾಂಶ. ಆದರೆ ಬರೆದಿಡದಿದ್ದರೆ "ಇನ್ನೂ ಬರುತ್ತಲೇ ಇದೆ" ಎಂದು ಬೇಸತ್ತು ಔಷಧಿ ಬಿಟ್ಟುಬಿಡುತ್ತೇವೆ.

ಆತ್ಮೀಯ ಓದುಗರೇ, ನಿಮ್ಮ ಮನೆಯಲ್ಲಿ ಆಗಾಗ ತಲೆ ಹಿಡಿದು ಕೂರುವವರು ಯಾರಾದರೂ ಇದ್ದಾರೆಯೇ? "ಮತ್ತೆ ಶುರುವಾಯಿತಾ?" ಎಂದು ಕೇಳುವ ಬದಲು ಇಂದು ಸಂಜೆ ಅವರ ಕೈಗೆ ಒಂದು ನೋಟ್ ಪುಸ್ತಕ ಕೊಡಿ. ನೋವಿನ ದಿನ ಬರೆಯಲಾಗದಿದ್ದರೆ ಪಕ್ಕದಲ್ಲಿ ಕುಳಿತು ಅವರು ಹೇಳಿದ್ದನ್ನು ನೀವೇ ಬರೆಯಿರಿ. ಅವರ ನೋವನ್ನು ನಂಬಿದ್ದೇವೆ ಎಂದು ತೋರಿಸುವುದಕ್ಕೂ ಅದು ಒಂದು ದಾರಿ.